ಸೊಗಡಿಲ್ಲದ ಅವರೆಗೆ ತಳಿವಿಜ್ಞಾನಿಯ ತಲೆದಂಡವೇಕೆ?

ಡಿಸೆಂಬರ್ ಬಂತೆಂದರೆ ಮುಂಬಯಿ ಸುತ್ತಲಿನ ಡೊಂಬಿವಲಿ, ಕಲ್ಯಾಣ, ಠಾಣೆ, ವಾಶಿಯ ಕನ್ನಡಿಗರಾದ ನಮ್ಮ ನಡುವೆ ಅವರೆಕಾಯಿಯ ಮಾತು ಬಂದೇ ಬರುತ್ತದೆ. ಹಳೆ ಮೈಸೂರು ಕಡೆಯವರಿದ್ದರಂತೂ ಹಿತಕಿದ ಬೇಳೆ ಸಾರಿನಿಂದ ಶುರುವಾದ ಮಾತು ಅಕ್ಕಿ ರೊಟ್ಟಿ, ಅವರೆಕಾಳು ಉಪ್ಪಿಟ್ಟುಗಳನ್ನು ಹಾದು ಕೊನೆಗೆ ಒಂದೇ ತೀರ್ಪಿಗೆ ಬಂದು ನಿಲ್ಲುತ್ತದೆ: "ಈಗಿನ ಅವರೇಲಿ ಏನಿದೆ ಬಿಡಿ. ಸೊಗಡೇ ಇಲ್ಲ. ಎಲ್ಲಾ ಹೈಬ್ರಿಡ್ಡು. ಯೂನಿವರ್ಸಿಟಿಯವರು ಜೀನು ಗೀನು ಅಂತ ತಿದ್ದಿ ಕೆಡಿಸಿಟ್ಟರು." ಕೂತವರೆಲ್ಲ ಹೌದೆನ್ನುತ್ತಾರೆ. ನಾಟಿ ಎಂದರೆ ದೈವದತ್ತ, ಸುಧಾರಿತ ಎಂದರೆ ಕಲಬೆರಕೆ, ತಳಿವಿಜ್ಞಾನಿ ಎಂದರೆ ನಮ್ಮ ತಟ್ಟೆಗೆ ಕೈ ಹಾಕಿದ ಅಪರಾಧಿ. ಈ ನಂಬಿಕೆ ಎಷ್ಟು ಗಟ್ಟಿಯಾಗಿದೆಯೆಂದರೆ, ಅದನ್ನು ಪ್ರಶ್ನಿಸಿದವನನ್ನು ಬೀಜದ ಕಂಪನಿಯ ಏಜೆಂಟನೆಂದು ಅನುಮಾನಿಸುತ್ತಾರೆ.

ಅನುಮಾನಿಸಲಿ. ಈ ತೀರ್ಪು ತಪ್ಪು ಎಂದು ಹೇಳಲೇಬೇಕಾಗಿದೆ. ಬರೀ ತಪ್ಪಲ್ಲ, ಅವರೆಗೇ ಕೇಡು ಮಾಡುವಂಥ ತಪ್ಪು. ಅವರೆಗೆ ಆಗಿರುವ ನಷ್ಟಕ್ಕೆ ತಳಿವಿಜ್ಞಾನ ಹೆಚ್ಚಾದದ್ದು ಕಾರಣವಲ್ಲ, ಕಡಿಮೆಯಾದದ್ದು ಕಾರಣ. ಇಷ್ಟು ವರ್ಷ ವಿಜ್ಞಾನದ ಮುಂದೆ ನಾವು ಇಟ್ಟ ಬೇಡಿಕೆಯಲ್ಲಿ ಸೊಗಡು ಮೊದಲ ಸಾಲಿನಲ್ಲಿ ಇರಲಿಲ್ಲ. ಕೇಳದೆ ಬಿಟ್ಟವರು ಈಗ ಕೊಡದೆ ಹೋದವರನ್ನು ಬೈಯುತ್ತಿದ್ದೇವೆ.

ಮೊದಲು ಹೈಬ್ರಿಡ್ ಎಂಬ ಆರೋಪವನ್ನು ನೋಡೋಣ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ ಬಂದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಎಂಬ ತಳಿಗಳು ಇಂದು ದಕ್ಷಿಣ ಕರ್ನಾಟಕದ ಹೊಲಗಳಲ್ಲಿ ಎದ್ದು ಕಾಣುತ್ತವೆ. ರೈತರ ಬಾಯಲ್ಲಿ ಅವು ಎಚ್‌ಎ-3, ಎಚ್‌ಎ-4. ಇವು ಹೈಬ್ರಿಡ್ ಅಲ್ಲ. ಅವರೆ ಮುಖ್ಯವಾಗಿ ಸ್ವಕೀಯ ಪರಾಗಸ್ಪರ್ಶದ ಬೆಳೆ. ಹೂವು ಬಿರಿಯುವ ಹೊತ್ತಿಗೆ ಅದರ ಪರಾಗ ಅದರದೇ ಶಲಾಕೆಯನ್ನು ಮುಟ್ಟಿರುತ್ತದೆ. ಹೀಗಾಗಿ ತಳಿ ಒಮ್ಮೆ ಸ್ಥಿರವಾದರೆ ಈ ವರ್ಷ ಬೆಳೆದ ಕಾಳನ್ನೇ ಮುಂದಿನ ವರ್ಷ ಬಿತ್ತಬಹುದು, ಅದೇ ಗಿಡ ಬರುತ್ತದೆ. ಮೆಕ್ಕೆಜೋಳದ ಹೈಬ್ರಿಡ್‌ನಂತೆ ವರ್ಷವರ್ಷವೂ ಅಂಗಡಿಗೆ ಹೋಗಬೇಕಾದ ಬಂಧನ ಇಲ್ಲಿಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಕೂಡ ಬೆಳೆದ ಬೀಜವನ್ನು ಉಳಿಸಿಕೊಳ್ಳುವ, ಬಿತ್ತುವ, ಹಂಚಿಕೊಳ್ಳುವ, ಬ್ರ್ಯಾಂಡ್ ಹೆಸರಿಲ್ಲದೆ ಮಾರುವ ಹಕ್ಕನ್ನು ರೈತನಿಗೆ ಕೊಟ್ಟಿದೆ. ಹೈಬ್ರಿಡ್‌ಗೆ ಸಲ್ಲಬೇಕಾದ ಬೈಗುಳವನ್ನು ತಂದು ಸ್ವತಂತ್ರ ಬೀಜದ ತಲೆಗೆ ಕಟ್ಟುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ನ್ಯಾಯ.

"ಜೀನು ತಿದ್ದಿದ್ದಾರೆ" ಎಂಬುದು ಇನ್ನೂ ದೊಡ್ಡ ಕಥೆ. ಭಾರತದಲ್ಲಿ ವಾಣಿಜ್ಯವಾಗಿ ಬೆಳೆಯಲು ಒಪ್ಪಿಗೆ ಪಡೆದ ಜಿಎಂ, ಅಂದರೆ ಕುಲಾಂತರಿ, ಬೆಳೆ ಬಿಟಿ ಹತ್ತಿಯೊಂದೇ, ಅದೂ 2002ರಲ್ಲಿ. ಬಿಟಿ ಬದನೆಯನ್ನು 2010ರ ಫೆಬ್ರವರಿಯಲ್ಲಿ ತಡೆಹಿಡಿಯಲಾಯಿತು. ಜಿಎಂ ಸಾಸಿವೆಯ ವ್ಯಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ನಿಮ್ಮ ತಟ್ಟೆಯ ಅವರೆಯಲ್ಲಿ ಬ್ಯಾಕ್ಟೀರಿಯಾದ ಜೀನೂ ಇಲ್ಲ, ಮೀನಿನ ಜೀನೂ ಇಲ್ಲ. ಅಲ್ಲಿ ಇರುವುದು ಅವರೆಯ ಜೀನ್‌ಗಳು ಮಾತ್ರ, ಬೇರೆ ಬೇರೆ ಅವರೆಗಳಿಂದ ಆರಿಸಿ ಒಂದೆಡೆ ಕೂಡಿಸಿದವು.

ಹೇಗೆ ಕೂಡಿಸುತ್ತಾರೆ? ನಾಳೆ ಬಿರಿಯುವ ಮೊಗ್ಗನ್ನು ಇಂದೇ ಇಕ್ಕುಳದಿಂದ ಬಿಡಿಸಿ, ಅದರ ಕೇಸರಗಳನ್ನು ಒಂದೊಂದಾಗಿ ತೆಗೆದು, ಬೇರೆ ಗಿಡದ ಪರಾಗ ಸವರಿ, ದಾರದಲ್ಲಿ ಚೀಟಿ ಕಟ್ಟುತ್ತಾರೆ. ಎಷ್ಟೋ ಮೊಗ್ಗುಗಳು ಉದುರಿಹೋಗುತ್ತವೆ, ಕೆಲವು ಕಾಯಿ ಕಟ್ಟುತ್ತವೆ. ಆ ಕಾಯಿಯ ಮೂರು ನಾಲ್ಕು ಕಾಳುಗಳಿಂದ ಮೊದಲ ಪೀಳಿಗೆ, ಅದರಿಂದ ನೂರಾರು ಗಿಡಗಳ ಎರಡನೇ ಪೀಳಿಗೆ. ಅಜ್ಜಿಯ ಬಣ್ಣ, ತಾತನ ಎತ್ತರ, ಇಬ್ಬರಲ್ಲೂ ಕಾಣದಿದ್ದ ಗುಣ ಎಲ್ಲವೂ ಅಲ್ಲಿ ಬಿಚ್ಚಿಕೊಳ್ಳುತ್ತವೆ. ಅದರಲ್ಲಿ ಬೇಕಾದದ್ದನ್ನು ಆರಿಸುತ್ತ, ಬೇಡವಾದದ್ದನ್ನು ಬಿಡುತ್ತ, ಆರೇಳು ಪೀಳಿಗೆ ದಾಟಿದ ಮೇಲೆ ತಳಿ ಸ್ಥಿರವಾಗುತ್ತದೆ. ಮೆಂಡೆಲ್ ಬಟಾಣಿಯಲ್ಲಿ ಕಂಡು 1866ರಲ್ಲಿ ಪ್ರಕಟಿಸಿದ ಲೆಕ್ಕವೇ ಇದು. ಡೆನ್ಮಾರ್ಕಿನ ಯೋಹಾನ್ಸನ್ 1903ರಲ್ಲಿ ಶುದ್ಧ ತಳಿಯ ಸಿದ್ಧಾಂತ ಕಟ್ಟಿದ್ದು ಬೀನ್ಸ್ ಕಾಳುಗಳನ್ನು ತೂಗಿ ತೂಗಿ. 1909ರಲ್ಲಿ ಜೀನ್ ಎಂಬ ಹೆಸರಿಟ್ಟವನೂ ಆತನೇ. ಜೀನ್ ಎಂದೊಡನೆ ಬೆಚ್ಚಿಬೀಳುವವರು ನೆನಪಿಡಬೇಕು: ಈ ವಿದ್ಯೆ ಹುಟ್ಟಿದ್ದು ಬಟಾಣಿ, ಬೀನ್ಸ್ ಪಾತಿಗಳಲ್ಲಿ.

ಇನ್ನು ಹೆಬ್ಬಾಳದ ಈ ತಳಿಗಳು ಬಂದದ್ದು ಯಾಕೆ? ಹಳೆಯ ಅವರೆ ಇರುಳನ್ನು ಅಳೆಯುವ ಗಿಡ. ಇರುಳು ಉದ್ದವಾಗದೆ ಅದು ಹೂ ಬಿಡುವುದಿಲ್ಲ. ಜುಲೈ, ಆಗಸ್ಟಿನಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಬಿತ್ತಿದರೆ ರಾಗಿ ಕೊಯ್ಲಾದ ಮೇಲೆ, ಚಳಿ ಬಿದ್ದ ಮೇಲೆ ಕಾಯಿ. ಅದೇ ಬೀಜವನ್ನು ಫೆಬ್ರವರಿಯಲ್ಲಿ ಹಾಕಿದರೆ ಬೇಸಿಗೆಯೆಲ್ಲ ಬಳ್ಳಿ ಹಬ್ಬುತ್ತದೆಯೇ ಹೊರತು ಕಾಯಿಯ ಸುಳಿವಿಲ್ಲ. ಡಿಸೆಂಬರ್, ಜನವರಿಯಲ್ಲಿ ಎಲ್ಲರ ಹೊಲದಲ್ಲೂ ಒಟ್ಟಿಗೇ ಕಾಯಿ ಬಂದು ಬೆಲೆ ಬೀಳುತ್ತಿತ್ತು. ಉಳಿದ ತಿಂಗಳು ಅವರೆಯಿಂದ ರೈತನಿಗೆ ಕಾಸಿಲ್ಲ. ಇರುಳಿನ ಲೆಕ್ಕ ಇಡದ, ಸೊಂಟದೆತ್ತರಕ್ಕೆ ನಿಲ್ಲುವ, ಬೇಗ ಕೊಯ್ಲಿಗೆ ಬರುವ ಗಿಡ ಬೇಕು ಎಂದು ಕೇಳಿದ್ದು ರೈತರು. ವರ್ಷವಿಡೀ ಅವರೆ ಬೇಕೆಂದು ಕೇಳಿದ್ದು ನಗರದ ನಾವು. ಹೆಬ್ಬಾಳದ ಅವರೆಗಳು ಆ ಬೇಡಿಕೆಗೆ ಕೊಟ್ಟ ಉತ್ತರ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್ ಕೂಡ ಅದೇ ದಾರಿಯವು. ಬಳ್ಳಿ ಹಬ್ಬದೆ ಗಿಡ್ಡವಾಗಿ ನಿಲ್ಲುವ ಗುಣಕ್ಕೆ ಟಿಎಫ್‌ಎಲ್-1 ಎಂಬ ಜೀನಿನಲ್ಲಿ ಆದ ಒಂದು ಸಣ್ಣ ಬದಲಾವಣೆ ಕಾರಣವೆಂದು ಗುಜರಾತಿನ ನವಸಾರಿ ಕೃಷಿ ವಿಶ್ವವಿದ್ಯಾಲಯದವರು 2021ರಲ್ಲಿ ತೋರಿಸಿದರು. ಆ ಬದಲಾವಣೆಯನ್ನು ಯಾರೂ ಕೂರಿಸಿದ್ದಲ್ಲ. ಅವರೆಯಲ್ಲೇ ಇದ್ದದ್ದನ್ನು ಕಂಡುಹಿಡಿದರು, ಅಷ್ಟೆ.

ಮೇ ತಿಂಗಳಲ್ಲಿ ಅವರೆ ಸಿಕ್ಕಿದರೆ ಕೊಂಡು ತಿನ್ನುವವರೂ ನಾವೇ, "ಚಳಿಗಾಲದ ಸೊಗಡಿಲ್ಲ" ಎಂದು ಮೂಗು ಮುರಿಯುವವರೂ ನಾವೇ. ಯಾವುದಾದರೂ ಒಂದಕ್ಕೆ ನಿಲ್ಲಬೇಕು.

ಈಗ ಸೊಗಡಿಗೇ ಬರೋಣ. ಇರುಳಿನ ಲೆಕ್ಕ ಇಡದ ಈ ತಳಿಗಳಲ್ಲಿ ಸೊಗಡು ಮಾಗಡಿಯ ನಾಟಿ ಅವರೆಯಷ್ಟಿಲ್ಲ ಎಂಬ ತಿನ್ನುವವರ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ನಾಲಿಗೆ ಸುಳ್ಳು ಹೇಳುತ್ತಿಲ್ಲ. ಸುಳ್ಳಾಗಿರುವುದು ಅದಕ್ಕೆ ಕೊಡುವ ಕಾರಣ. ಸೊಗಡೆಂಬುದು ಮಂತ್ರವಲ್ಲ, ಕಾಯಿಯ ಸಿಪ್ಪೆ ಒಸರುವ ಎಣ್ಣೆಯಂಥ ಅಂಟು. ಅವರೆ ಸುಲಿದವರ ಬೆರಳಿಗೆ ಅಂಟಿಕೊಂಡು ಸೋಪಿಗೂ ಜಗ್ಗದ ವಾಸನೆಯೇ ಅದು. ಆ ಒಸರನ್ನು ತೆಗೆದು ಅದರಲ್ಲಿರುವ ಕೊಬ್ಬಿನಾಮ್ಲಗಳನ್ನು ಬಿಡಿಸಿ ತೋರಿಸಿದ ಸಂಶೋಧನೆ 1979ರಷ್ಟು ಹಿಂದೆಯೇ ಪ್ರಕಟವಾಗಿದೆ. ಒಂದೇ ಹೊಲದಲ್ಲಿ, ಒಂದೇ ಇಬ್ಬನಿಯಲ್ಲಿ ಬೆಳೆದರೂ ಒಂದು ತಳಿ ಘಮ್ಮೆನ್ನುತ್ತದೆ, ಇನ್ನೊಂದು ಸಪ್ಪೆ. ಎಂದರೆ ಅದು ವಂಶದಿಂದ ಬರುವ ಗುಣ. ವಂಶದಿಂದ ಬರುವ ಗುಣವನ್ನು ಆರಿಸಬಹುದು, ದಾಟಿಸಬಹುದು, ಗಿಡ್ಡ ಗಿಡಕ್ಕೂ ಕೂರಿಸಬಹುದು. ಈ ಕೆಲಸ ಮಾಡಬಲ್ಲ ವಿದ್ಯೆ ಯಾವುದು? ನೀವು ಬೈಯುವ ತಳಿವಿಜ್ಞಾನವೇ.

ಡೊಂಬಿವಲಿಯ ಅಡುಗೆಮನೆಯಲ್ಲಿ ಸೊಗಡು ಇಲ್ಲವಾಗುವುದಕ್ಕೆ ಇನ್ನೂ ಸರಳ ಕಾರಣಗಳಿವೆ. ಕಾಯಿ ಮಾಗಡಿಯಲ್ಲೋ ಕೋಲಾರದಲ್ಲೋ ಕಿತ್ತದ್ದು. ಅಲ್ಲಿಂದ ಮಂಡಿ, ಮಂಡಿಯಿಂದ ಲಾರಿ ಅಥವಾ ಉದ್ಯಾನ್ ಎಕ್ಸ್‌ಪ್ರೆಸ್. ಒಂದು ಹಗಲು, ಒಂದು ಇರುಳು ಚೀಲದಲ್ಲಿ ಬೆವತು ಕಲ್ಯಾಣದಲ್ಲಿ ಇಳಿಯುತ್ತದೆ. ಮಾಟುಂಗಾದಲ್ಲಿ ಮಾರಾಟಕ್ಕೆ ಕೂತದ್ದಾದರೆ ಇನ್ನೊಂದು ದಿನ ಸೇರಿಸಿ. ಅದೂ ಬೇಡವೆಂದು ಸುಲಿದ ಕಾಳಿನ ಪ್ಯಾಕೆಟ್ ತರಿಸಿಕೊಳ್ಳುವವರು ಈಗ ಹೆಚ್ಚು. ಸೊಗಡು ಇರುವುದು ಸಿಪ್ಪೆಯಲ್ಲಿ. ಸಿಪ್ಪೆಯನ್ನು ಬೆಂಗಳೂರಿನಲ್ಲೇ ಬಿಟ್ಟುಬಂದ ಕಾಳಿನಲ್ಲಿ ಸೊಗಡು ಹುಡುಕಿ, ಸಿಗದಾಗ ಜೀನಿನ ಮೇಲೆ ಹರಿಹಾಯುವುದು ಯಾವ ವಿವೇಕ?

ಇಲ್ಲೇ ನಮ್ಮ ಕಾಲಬುಡದಲ್ಲಿ ಬೆಳೆಯುವುದನ್ನು ನಾವು ನೋಡುವುದೇ ಇಲ್ಲ. ಪನ್ವೇಲ್, ಕರ್ಜತ್, ಪೇಣ್, ಅಲಿಬಾಗ್ ಕಡೆ ಭತ್ತ ಕೊಯ್ದ ಗದ್ದೆಯ ಉಳಿದ ತೇವದಲ್ಲಿ ಬೆಳೆಯುವ ವಾಲ್ ಬೇರೆ ಯಾವುದೋ ಕಾಳಲ್ಲ. ಸಸ್ಯಶಾಸ್ತ್ರದಲ್ಲಿ ಅದೂ ಲ್ಯಾಬ್‌ಲ್ಯಾಬ್ ಪರ್ಪ್ಯೂರಿಯಸ್, ನಮ್ಮ ಅವರೆಯೂ ಲ್ಯಾಬ್‌ಲ್ಯಾಬ್ ಪರ್ಪ್ಯೂರಿಯಸ್. ಗುಜರಾತಿಗಳು ಉಂಧಿಯೂಗೆ ಹಾಕುವ ಸುರ್ತಿ ಪಾಪ್ಡಿಯೂ ಅದೇ ಕುಲ. ಕೊಂಕಣದವರು ಕಹಿ ವಾಲನ್ನು ನೆನೆಸಿ, ಮೊಳಕೆ ಬರಿಸಿ, ಒಂದೊಂದೇ ಕಾಳಿನ ಸಿಪ್ಪೆ ತೆಗೆದು ಬಿರಡೆ ಮಾಡುತ್ತಾರೆ. ನಮ್ಮ ಹಿತಕಿದ ಬೇಳೆಗೆ ಇದಕ್ಕಿಂತ ಹತ್ತಿರದ ದಾಯಾದಿ ಉಂಟೇ? ಚಳಿಗಾಲದಲ್ಲಿ ರಾಯಗಡ ಜಿಲ್ಲೆಯ ಹೊಲಗಳಲ್ಲಿ ಮಡಕೆಗೆ ವಾಲಿನ ಕಾಯಿ, ಭಾಂಬುರ್ಡಾ ಸೊಪ್ಪು ತುಂಬಿ ಬೆಂಕಿಯಲ್ಲಿ ಬೇಯಿಸುವ ಪೋಪಟಿ ನಡೆಯುತ್ತದೆ. ದಾಪೋಲಿಯ ಕೊಂಕಣ ಕೃಷಿ ವಿದ್ಯಾಪೀಠ 1972ರಿಂದ ಈ ಸೀಮೆಯ ಬೆಳೆಗಳಲ್ಲಿ ಕೆಲಸ ಮಾಡುತ್ತ ಬಂದು, ಕೊಂಕಣ್ ವಾಲ್, ಕೊಂಕಣ್ ಭೂಷಣ್ ಎಂಬ ಹೆಸರಿನ ತಳಿಗಳನ್ನು ಕೊಟ್ಟಿದೆ. ಸಾವಿರ ಕಿಲೋಮೀಟರ್ ಆಚೆಯ ನಾಟಿಗೆ ಹಾತೊರೆಯುವ ನಾವು ನಲವತ್ತು ಕಿಲೋಮೀಟರ್ ಆಚೆಯ ನಾಟಿಯನ್ನು ಮುಟ್ಟಿಯೂ ನೋಡುವುದಿಲ್ಲ. ಆಗ ನಮ್ಮ ನಾಟಿ ಪ್ರೇಮ ಬೆಳೆಯ ಮೇಲಿನ ಪ್ರೇಮವಲ್ಲ, ಊರಿನ ಮೇಲಿನ ಹಂಬಲ ಎಂದಾಯಿತು. ಹಂಬಲ ತಪ್ಪಲ್ಲ. ಹಂಬಲವನ್ನೇ ಕೃಷಿನೀತಿ ಎಂದು ಬೋಧಿಸುವುದು ತಪ್ಪು.

ನಾಟಿ ತಳಿ ಕಳೆದುಹೋಗುತ್ತಿದೆ ಎಂಬುದು ನಿಜ. ಕಳೆದದ್ದು ಎಲ್ಲಿ ಎಂದು ಹುಡುಕಿದರೆ ಪ್ರಯೋಗಾಲಯದ ಬಾಗಿಲಿಗೆ ಹೋಗಬೇಕಿಲ್ಲ. ನಗರ ಕಟ್ಟುವ ಸರ್ಕಾರಿ ಸಂಸ್ಥೆ ಸಿಡ್ಕೋ 1970ರಲ್ಲಿ ಹುಟ್ಟಿತು. ಠಾಣೆ, ಪನ್ವೇಲ್, ಉರಣ್ ಭಾಗದ 95 ಹಳ್ಳಿಗಳ ಗದ್ದೆ, ಉಪ್ಪಿನ ಮಡಿಗಳ ಮೇಲೆ ನವಿ ಮುಂಬಯಿ ಎದ್ದಿತು. ನಾವು ಫ್ಲ್ಯಾಟ್ ಕೊಂಡಿರುವುದು ಅಂಥ ನೆಲದಲ್ಲೇ. ಪನ್ವೇಲಿನ ಮಗ್ಗುಲಲ್ಲಿ 2025ರ ಅಕ್ಟೋಬರಿನಲ್ಲಿ ವಿಮಾನ ನಿಲ್ದಾಣವೂ ಉದ್ಘಾಟನೆಯಾಯಿತು. ಅತ್ತ ಬೆಂಗಳೂರಿನಲ್ಲಿ ರಾಗಿ, ಅವರೆಯ ಸೀಮೆಯಾದ ದೇವನಹಳ್ಳಿಯಲ್ಲಿ 2008ರಲ್ಲೇ ವಿಮಾನ ಇಳಿದಿದೆ. ಆನೇಕಲ್, ಹೊಸಕೋಟೆ, ಮಾಗಡಿ ರಸ್ತೆಗಳ ಉದ್ದಕ್ಕೂ ಲೇಔಟುಗಳು. ನಾಟಿ ಅವರೆ ಎಂಬುದು ಒಂದು ಡಬ್ಬಿಯ ಬೀಜವಲ್ಲ. ಒಂದೊಂದು ಊರಿನ ಮಣ್ಣು, ಮಳೆ, ಅಕ್ಕಡಿ ಸಾಲಿಗೆ ಹೊಂದಿಕೊಂಡು ವರ್ಷವರ್ಷವೂ ಬಿತ್ತಿದರೆ ಮಾತ್ರ ಉಳಿಯುವ ಬದುಕು. ಬಿತ್ತುವ ಹೊಲವೇ ನಿವೇಶನವಾದ ಮೇಲೆ ತಳಿ ಎಲ್ಲಿ ಉಳಿಯಬೇಕು? ನಿವೇಶನ ಕೊಂಡವರು ನಾವು, ಕೊಲೆಯ ಆಪಾದನೆ ಮಾತ್ರ ವಿಜ್ಞಾನಿಯ ಮೇಲೆ.

ಹಾಗಾದರೆ ಉಳಿದಷ್ಟನ್ನು ಉಳಿಸಿದವರು ಯಾರು? ಊರೂರು ಅಲೆದು ಬೀಜ ಕೂಡಿಟ್ಟವರು ಇದೇ ತಳಿವಿಜ್ಞಾನಿಗಳು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಅವರೆಯ 600ಕ್ಕೂ ಹೆಚ್ಚು ಮಾದರಿಗಳಿವೆ. ಎಸ್. ರಮೇಶ್, ಎಂ. ಬೈರೇಗೌಡ ಮೊದಲಾದವರ ತಂಡ ಆ ರಾಶಿಯ ವೈವಿಧ್ಯವೆಲ್ಲ ಅಡಗುವಂತೆ 64 ಮಾದರಿಗಳ ಚಿಕ್ಕ ಗುಂಪೊಂದನ್ನು ಆರಿಸಿ, ಅದರ ಮೇಲೆ ಡಿಎನ್‌ಎ ಗುರುತುಗಳ ಅಧ್ಯಯನ ನಡೆಸಿತು. ಸಾಮಾಜಿಕ ಜಾಲತಾಣದಲ್ಲಿ "ನಾಟಿ ಉಳಿಸಿ" ಎಂದು ಬರೆಯುವುದು ಸುಲಭ. ಬೀಜ ಮೊಳೆಯುವ ಶಕ್ತಿ ಕಳೆದುಕೊಳ್ಳುವ ಮುಂಚೆ ಮತ್ತೆ ಬಿತ್ತಿ, ಕೊಯ್ದು, ಹುಳ ಹೊಡೆಯದಂತೆ ಒಣಗಿಸಿ, ಹೆಸರು ಬರೆದು ಇಡುವುದು ಕಷ್ಟದ ಕೆಲಸ. ಅದನ್ನು ಮಾಡುತ್ತಿರುವವರ ಕಡೆಗೇ ಕಲ್ಲು ಬೀರುತ್ತಿದ್ದೇವೆ.

ನಾಟಿ ಎಂದರೆ ಮನುಷ್ಯನ ಕೈ ಸೋಕದ್ದು ಎಂಬ ಕಲ್ಪನೆಯೂ ನಿಲ್ಲುವುದಿಲ್ಲ. ಅವರೆಯ ಕಾಡು ಮೂಲ ಆಫ್ರಿಕಾ. ಅಲ್ಲಿಂದ ಬಂದ ಈ ಕಾಳಿನ ಗುರುತುಗಳು ದಕ್ಷಿಣ ಭಾರತದ ನವಶಿಲಾಯುಗದ ನೆಲೆಗಳಲ್ಲಿ ಸಿಕ್ಕಿವೆ. ಕಾಡು ಅವರೆಯ ಕಾಯಿ ಮಾಗಿದೊಡನೆ ಸಿಡಿದು ಕಾಳು ಚೆಲ್ಲುತ್ತದೆ. ಸಿಡಿಯದ ಕಾಯನ್ನು, ದಪ್ಪ ಕಾಳನ್ನು, ಬೇಗ ಬೇಯುವ ಕಾಳನ್ನು, ಘಮ್ಮೆನ್ನುವ ಕಾಯನ್ನು ಸಾವಿರಾರು ವರ್ಷ ಆರಿಸಿ ಬೀಜಕ್ಕೆ ಎತ್ತಿಟ್ಟವರು ಹೆಸರಿಲ್ಲದ ಒಕ್ಕಲುಮಕ್ಕಳು, ಹೆಚ್ಚಾಗಿ ಹೆಂಗಸರು. ಅವರು ಮಾಡಿದ್ದೂ ತಳಿ ಸುಧಾರಣೆಯೇ. ಯಾವ ಜೀನನ್ನು ಆರಿಸುತ್ತಿದ್ದೇವೆಂದು ಅವರಿಗೆ ಗೊತ್ತಿರಲಿಲ್ಲ, ಇವತ್ತಿನವರಿಗೆ ಗೊತ್ತು. ಅಜ್ಜಿ ಮಾಡಿದರೆ ಪರಂಪರೆ, ಪ್ರಯೋಗಾಲಯದ ಹುಡುಗಿ ಮಾಡಿದರೆ ಅಪಚಾರ ಎನ್ನುವುದು ಇಬ್ಬರಿಗೂ ಮಾಡುವ ಅವಮಾನ.

ಇನ್ನೊಂದು ಸೋಜಿಗ ನೋಡಿ. "ಲ್ಯಾಬಿನ ಕಾಳು ನಮಗೆ ಬೇಡ" ಎನ್ನುವವರೇ ಬೆಳಿಗ್ಗೆ ದೋಸೆ ತಿಂದು ಬಂದಿರುತ್ತಾರೆ. ವಾಶಿ ಸೇತುವೆಯ ಆಚೆ ದಡದ ಟ್ರಾಂಬೆಯಲ್ಲಿರುವ ಭಾಭಾ ಅಣು ಸಂಶೋಧನಾ ಕೇಂದ್ರ ದಶಕಗಳಿಂದ ಬೀಜಗಳಿಗೆ ವಿಕಿರಣ ಹಾಯಿಸಿ ಹೊಸ ಗುಣಗಳನ್ನು ಹುಡುಕುತ್ತ ಬಂದಿದೆ. 1985ರಲ್ಲಿ ಅಲ್ಲಿಂದ ಬಂದ ಟಿಎಯು-1 ಎಂಬ ಉದ್ದು ಮಹಾರಾಷ್ಟ್ರದ ಹೊಲಗಳನ್ನು ಆಳಿತು. ಹಳದಿ ನಂಜು ರೋಗ ತಾಳುವ ಟಿಯು 94-2 ದಕ್ಷಿಣದ ರಾಜ್ಯಗಳಿಗೆ ಬಂತು. ಟಿಎಜಿ-24 ಶೇಂಗಾ ಕರ್ನಾಟಕದ ರೈತರಿಗೂ ಹೊಸದಲ್ಲ. ಆ ಉದ್ದಿನ ದೋಸೆ, ಆ ಶೇಂಗಾದ ಚಟ್ನಿಪುಡಿ ತಿಂದ ನಾವು ಕೆಟ್ಟೆವೇ? ಬರೀ ಇಕ್ಕುಳದಿಂದ ಪರಾಗ ಸವರಿದ ಅವರೆಯ ಮುಂದೆ ಮಾತ್ರ ಮಡಿ ಹಿಡಿಯುವುದೇಕೆ?

ಕಾಳುಗಳ ಕೆಡುಕು ಕಳೆದು ಒಳಿತು ಉಳಿಸಿದ ಉದಾಹರಣೆಗಳೂ ಕಣ್ಣೆದುರಿಗಿವೆ. ಉತ್ತರ ಭಾರತದವರು ಬಾಕ್ಲಾ ಎನ್ನುವ ಫಾಬಾ ಕಾಳಿನಲ್ಲಿ ವೈಸಿನ್, ಕಾನ್‌ವೈಸಿನ್ ಎಂಬ ವಸ್ತುಗಳಿವೆ. ಹುಟ್ಟಿನಿಂದಲೇ ಜಿ6ಪಿಡಿ ಕಿಣ್ವದ ಕೊರತೆ ಇರುವವರು ಅದನ್ನು ತಿಂದರೆ ಕೆಂಪು ರಕ್ತಕಣಗಳು ಒಡೆದು ಪ್ರಾಣಕ್ಕೇ ಕುತ್ತು ಬರಬಹುದು. ನಮ್ಮ ಮುಂಬಯಿಯ ಪಾರ್ಸಿಗಳಲ್ಲಿ ಈ ಕೊರತೆ ಇರುವವರು ಸಾಕಷ್ಟಿದ್ದಾರೆ. ವೈಸಿನ್ ತೀರ ಕಡಿಮೆ ಇರುವ ಗಿಡವೊಂದು 1989ರಲ್ಲಿ ವರದಿಯಾಯಿತು. ಅದರ ಗುಣವನ್ನು ಬೇರೆ ತಳಿಗಳಿಗೆ ದಾಟಿಸಿದರು. ಅದಕ್ಕೆ ಕಾರಣವಾದ ಜೀನ್ ಯಾವುದೆಂದು 2021ರಲ್ಲಿ ಪತ್ತೆಯಾಯಿತು. ನಮ್ಮಲ್ಲೇ ಕೇಸರಿ ಬೇಳೆಯ ಕಥೆ ಉಂಟು. ಕಾಲು ಸೆಟೆದುಹೋಗುವ ರೋಗಕ್ಕೆ ಹೆದರಿ 1961ರಲ್ಲಿ ಅದರ ಮಾರಾಟ ನಿಷೇಧಿಸಿದರು. ಮುಂದೆ ಅದರ ನಂಜನ್ನು ಬಹಳ ಇಳಿಸಿದ ರತನ್, ಪ್ರತೀಕ್, ಮಹಾತಿವಡಾ ತಳಿಗಳು ಬಂದವು. ನಿಷೇಧದ ಕಾಗದಕ್ಕೆ ಬಡವನ ಹೊಲದಿಂದ ಆ ಬೆಳೆಯನ್ನು ಓಡಿಸಲಾಗಲಿಲ್ಲ, ತಳಿವಿಜ್ಞಾನ ಅದರ ನಂಜನ್ನು ಇಳಿಸಿತು. ನಂಜು ಕಳೆಯಲು ಬಂದ ವಿದ್ಯೆಗೆ ಸೊಗಡು ಕೂಡಿಸಲು ಬಾರದೇ?

ಎದುರು ಪಕ್ಷದ ಗಟ್ಟಿ ವಾದಗಳನ್ನೂ ತಪ್ಪಿಸಿಕೊಳ್ಳಬಾರದು. ಒಂದು: ಒಂದೇ ಸುಧಾರಿತ ತಳಿ ಎಲ್ಲ ಹೊಲಗಳಿಗೂ ಹಬ್ಬಿದರೆ ವೈವಿಧ್ಯ ಸಾಯುತ್ತದೆ. ನಿಜ. ಅಕ್ಕಡಿ ಸಾಲಿನಲ್ಲಿ ರಾಗಿಯ ಜೊತೆ ಹೊಂದಿಕೊಂಡಿದ್ದ ಹಬ್ಬುವ ಅವರೆಯ ಜಾಗಕ್ಕೆ ಇಡೀ ಹೊಲದ ಒಂಟಿ ಬೆಳೆಯಾಗಿ ಗಿಡ್ಡ ಅವರೆ ಬಂದದ್ದು ಮಣ್ಣಿಗೂ ಲಾಭವಲ್ಲ. ಇದಕ್ಕೆ ಮದ್ದು ತಳಿ ಸುಧಾರಣೆಯನ್ನು ನಿಲ್ಲಿಸುವುದಲ್ಲ, ಒಂದರ ಬದಲು ಹತ್ತು ತಳಿ ಹೊರಡಿಸುವುದು. ಅಕ್ಕಡಿಗೆ ಒಂದು, ಬೇಸಿಗೆಗೆ ಒಂದು, ಒಣಕಾಳಿಗೆ ಒಂದು, ಸೊಗಡಿಗೆಂದೇ ಒಂದು. ಎರಡು: ಬೀಜ ಕಂಪನಿಗಳ ಕೈಗೆ ಹೋಗುತ್ತದೆ. ಹೋಗಬಹುದು, ಸಾರ್ವಜನಿಕ ವಿಶ್ವವಿದ್ಯಾಲಯಗಳನ್ನು ನಾವು ಹೀಗೇ ಹೀಗಳೆದು ಸೊರಗಿಸಿದರೆ. ಸರ್ಕಾರಿ ತಳಿವಿಜ್ಞಾನಿ ಬಿಟ್ಟ ಜಾಗ ಖಾಲಿ ಉಳಿಯುವುದಿಲ್ಲ, ಅಲ್ಲಿ ಕಂಪನಿ ಬಂದು ಕೂರುತ್ತದೆ. ಮೂರು: ಸುಧಾರಿತ ತಳಿಗೆ ಔಷಧಿ ಹೆಚ್ಚು ಬೇಕು. ಕಾಯಿಕೊರಕ ನಾಟಿ ಅವರೆಯನ್ನೂ ಬಿಟ್ಟಿಲ್ಲ. ಅವರೆಗೆಂದೇ ಬರುವ ಅಡಿಸುರಾ ಹುಳುವೇ ಉಂಟು. ಹುಳು ಕಂಡ ಕಾಯನ್ನು ಆಚೆ ಎಸೆಯುವ ಗಿರಾಕಿಗೆ ಹೆದರಿ ರೈತ ಔಷಧಿ ಹೊಡೆಯುತ್ತಾನೆ. ಔಷಧಿ ಕಡಿಮೆಯಾಗಬೇಕಾದರೆ ಹುಳುವನ್ನು ತಾಳುವ ತಳಿ ಬೇಕು. ಅಲ್ಲಿಗೂ ದಾರಿ ತಳಿವಿಜ್ಞಾನದ ಹೊಲದ ಮೂಲಕವೇ.

ಜೀನೋಮ್ ಓದಿದ ಮಾತ್ರಕ್ಕೆ ಸಾರು ಘಮ್ಮೆನ್ನುತ್ತದೆ ಎಂದು ನಂಬುವವನು ನಾನಲ್ಲ. ಕಂಪ್ಯೂಟರಿನಲ್ಲಿ ಕಂಡ ಗುಣ ಹೊಲದಲ್ಲಿ ನಿಲ್ಲಬೇಕು, ರೈತ ಒಪ್ಪಬೇಕು, ಗಿರಾಕಿ ಬೆಲೆ ಕೊಡಬೇಕು. ಹಾಗಿದ್ದೂ ಅವರೆಯ ವಿಷಯದಲ್ಲಿ ನಾವು ಎಲ್ಲಿದ್ದೇವೆ ಎಂಬುದನ್ನು ತಿಳಿದರೆ ನಾಚಿಕೆಯಾಗಬೇಕು. 2023ರಲ್ಲಿ ಅವರೆಯ ಪೂರ್ಣ ಜೀನೋಮನ್ನು ವರ್ಣತಂತುಗಳ ಮಟ್ಟದಲ್ಲಿ ಜೋಡಿಸಿ ಪ್ರಕಟಿಸಿದ್ದು ನೈರೋಬಿಯನ್ನು ಕೇಂದ್ರವಾಗಿಸಿಕೊಂಡ, ಆಫ್ರಿಕಾದವರೇ ಮುಂದೆ ನಿಂತು ನಡೆಸಿದ ತಂಡ. ಅವರೆ ಒಂದಲ್ಲ, ಎರಡು ಸಲ ಬೇರೆ ಬೇರೆಯಾಗಿ ಪಳಗಿತು ಎಂದೂ ಅವರು ತೋರಿಸಿದರು. ಫಾಬಾ ಕಾಳಿನ ಜೀನೋಮಿನಲ್ಲಿ ಸುಮಾರು 1300 ಕೋಟಿ ಅಕ್ಷರಗಳು, ಮನುಷ್ಯನದಕ್ಕಿಂತ ನಾಲ್ಕು ಪಟ್ಟು. ಅವರೆಯದು ಸುಮಾರು 42 ಕೋಟಿ ಮಾತ್ರ. ಓದಲು ಅಷ್ಟು ಸುಲಭವಾದ ಬೆಳೆ. ಅವರೆಗಾಗಿ ಬೆಂಗಳೂರಿನ ಸಜ್ಜನ್ ರಾವ್ ವೃತ್ತದಲ್ಲಿ ಮೇಳ ನಡೆಸಿ ಅವರೆ ದೋಸೆ, ಅವರೆ ಜಿಲೇಬಿ ಎಂದು ಸಂಭ್ರಮಿಸಿದ ನಾವು, ಅದರ ವಂಶಾವಳಿ ಬರೆಯುವ ಕೆಲಸದಲ್ಲಿ ಮುಂದಾಳುಗಳಾಗಲಿಲ್ಲ. ಕೇಂದ್ರ ಸರ್ಕಾರ ಬೆಂಬಲ ಬೆಲೆ ಘೋಷಿಸುವ ಬೇಳೆಕಾಳುಗಳು ತೊಗರಿ, ಹೆಸರು, ಉದ್ದು, ಕಡಲೆ, ಮಸೂರ. ಆ ಪಟ್ಟಿಯಲ್ಲಿ ಅವರೆಯೂ ಇಲ್ಲ, ವಾಲೂ ಇಲ್ಲ. ಬೆಲೆಯ ಭರವಸೆ ಇಲ್ಲದ ಬೆಳೆಗೆ ಸಂಶೋಧನೆಯ ಹಣವೂ ತೆಳುವಾಗಿಯೇ ಹರಿಯುತ್ತದೆ. ಅವರೆಯ ನಿಜವಾದ ದುರ್ದೆಸೆ ಇದು. ಇದರ ಬಗ್ಗೆ ಡಿಸೆಂಬರಿನ ಯಾವ ಹರಟೆಯಲ್ಲೂ ಒಂದು ಮಾತು ಕೇಳಿಬರುವುದಿಲ್ಲ.

ಹಾಗಾದರೆ ಸಾವಿರ ಕಿಲೋಮೀಟರ್ ದೂರದಲ್ಲಿ ಕೂತ ನಾವು ಮಾಡಬಹುದಾದದ್ದೇನು? ಬೇಕಾದಷ್ಟಿದೆ. ಕೊಳ್ಳುವಾಗ ಅವರೆ ಯಾವ ಊರಿನದು, ಯಾವ ತಳಿಯದು ಎಂದು ಕೇಳಬೇಕು. ಸೊಗಡಿನ ಕಾಯಿಗೆ ನಾಲ್ಕು ಕಾಸು ಹೆಚ್ಚು ಕೊಡಲು ತಯಾರಿರಬೇಕು. ಗಿರಾಕಿ ಕೇಳದ ಗುಣವನ್ನು ರೈತ ಬೆಳೆಯುವುದಿಲ್ಲ, ರೈತ ಕೇಳದ ಗುಣವನ್ನು ವಿಜ್ಞಾನಿ ಹುಡುಕುವುದಿಲ್ಲ. ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಕಲಾವಿದರನ್ನು ಕರೆಸುತ್ತವೆ, ಕವಿಗಳನ್ನು ಕರೆಸುತ್ತವೆ. ಒಮ್ಮೆ ಅವರೆಯ ತಳಿವಿಜ್ಞಾನಿಯನ್ನೂ ದಾಪೋಲಿಯ ವಾಲ್ ತಜ್ಞರನ್ನೂ ಒಂದೇ ವೇದಿಕೆಗೆ ಕರೆಸಲಿ. ಊರಿನಲ್ಲಿ ಇನ್ನೂ ಹೊಲ ಉಳಿಸಿಕೊಂಡವರು, ಮನೆಯ ಹಳೆಯ ಅವರೆ ಬೀಜ ಇದ್ದರೆ, ಒಂದು ಹಿಡಿಯನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಸಂಗ್ರಹಕ್ಕೆ ತಲುಪಿಸಲಿ. ರೈತರ ತಳಿಯಾಗಿ ಅದನ್ನು ನೋಂದಾಯಿಸಲು ಕಾನೂನು ಅವಕಾಶ ಕೊಟ್ಟಿದೆ. ಬೆಂಬಲ ಬೆಲೆಯ ಪಟ್ಟಿಗೆ ಅವರೆ ಸೇರಲಿ ಎಂದು ನಮ್ಮ ಸಂಸದರಿಗೊಂದು ಪತ್ರ ಬರೆಯಲು ಮರಾಠಿ ನೆರೆಯವರೂ ಜೊತೆಗೂಡುತ್ತಾರೆ, ವಾಲ್ ಅವರದೂ ಆದ್ದರಿಂದ.

ಸೊಗಡು ವಂಶದಲ್ಲಿ ಹರಿಯುವ ಗುಣ. ಅದನ್ನು ಹಿಡಿದು ನಿಲ್ಲಿಸುವ ವಿದ್ಯೆ ನಮ್ಮ ಕೈಯಲ್ಲಿದೆ, ಬೀಜದ ಸಂಗ್ರಹ ನಮ್ಮಲ್ಲಿದೆ, ವಿಜ್ಞಾನಿಗಳು ನಮ್ಮಲ್ಲಿದ್ದಾರೆ. ಇಲ್ಲದಿರುವುದು ಕೇಳುವ ದನಿಯೊಂದೇ. ಕೃಷಿ ವಿಶ್ವವಿದ್ಯಾಲಯಕ್ಕೆ ಬೈಗುಳ ಕಳಿಸಿದ್ದು ಸಾಕು. ಇನ್ನಾದರೂ ಬೇಡಿಕೆ ಕಳಿಸಿ.